ಹಳಿಯ ಮೇಲಿನ ಹಡಗು, ಉಬ್ಬರದ ಮೇಲಿನ ಬೋಟು

ಮನರಂಜನಾ ಪಾರ್ಕಿನ ನದಿಹಡಗುಗಳ ಹಳೆಯ ಫೋಟೊಗಳಲ್ಲಿ ಮತ್ತೆ ಮತ್ತೆ ಕಾಣಸಿಗುವುದು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ‘ಮಾರ್ಕ್ ಟ್ವೇನ್’. ಅಂತಸ್ತಿನ ಮೇಲೆ ಅಂತಸ್ತಾದ ಬಿಳಿ ಮೈ, ಮುಂದೆ ಎರಡು ಕಪ್ಪು ಹೊಗೆಕೊಳವೆ, ಹಿಂದೆ ನೀರನ್ನು ತಳ್ಳುತ್ತ ತಿರುಗುವ ದೊಡ್ಡ ಚಕ್ರ. 1955ರಿಂದ ಈಚೆಗೆ ಇದರಷ್ಟು ಕ್ಯಾಮೆರಾಗಳಿಗೆ ಮುಖ ಕೊಟ್ಟ ಹಡಗುಗಳು ಕಡಿಮೆ. ಮುಂಬಯಿಯ ಮನೆಗಳ ಆಲ್ಬಮ್‌ಗಳಲ್ಲಿ ಅದರ ಜಾಗದಲ್ಲಿರುವುದು ಬೇರೆಯೇ ಒಂದು ಚಿತ್ರ: ಬೋರಿವಲಿಯ ಗೋರಾಯಿ ಜೆಟ್ಟಿಯಿಂದಲೋ ಮಾಲಾಡಿನ ಮಾರ್ವೆಯಿಂದಲೋ ಎಸ್ಸೆಲ್‌ವರ್ಲ್ಡ್ ಪಾರ್ಕಿನ ಕಡೆಗೆ ಹೊರಟ, ಮಕ್ಕಳು ಕಿಕ್ಕಿರಿದು ತುಂಬಿದ ಬೋಟು. ಮೊದಲನೆಯದಕ್ಕೆ ಓಡಾಡಲೆಂದು ನದಿಯನ್ನೇ ತೋಡಿದರು. ಎರಡನೆಯದು ಮೊದಲೇ ಇದ್ದ ಖಾರಿಯನ್ನು ದಾಟಿತು.

ದುಡ್ಡು ಕೊಟ್ಟು ನೀರಿನ ಮೇಲೆ ಆಟವಾಡುವ ವ್ಯವಸ್ಥೆ ಡಿಸ್ನಿಗಿಂತ ಹಳೆಯದು. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಪಾಲ್ ಬಾಯ್ಟನ್ ತೆರೆದ ಸೀ ಲಯನ್ ಪಾರ್ಕ್, ಸುತ್ತ ಬೇಲಿ ಹಾಕಿ ಪ್ರವೇಶ ಶುಲ್ಕ ಪಡೆದ ಮೊದಲ ಪಾರ್ಕುಗಳಲ್ಲಿ ಒಂದು. ಇಳಿಜಾರಿನ ಮೇಲಿಂದ ಚಪ್ಪಟೆ ದೋಣಿಗಳು ಜಾರಿ ಬಂದು ಕೊಳಕ್ಕೆ ಬೀಳುವುದು ಅಲ್ಲಿನ ಮುಖ್ಯ ಆಕರ್ಷಣೆ. ಅದು ಮೈ ಝುಮ್ಮೆನಿಸುವ ಆಟ. ನಿಧಾನವಾಗಿ ಸಾಗುವ ಹಡಗನ್ನೇ ಆಟವಾಗಿಸುವ ಯೋಚನೆ ಗಟ್ಟಿಯಾಗಿ ನೆಲೆಯೂರಿದ್ದು ವಾಲ್ಟ್ ಡಿಸ್ನಿಯ ಕೈಯಲ್ಲಿ. ಡಿಸ್ನಿಯ ಬಾಲ್ಯದ ಕೆಲವು ವರ್ಷ ಕಳೆದದ್ದು ಮಿಸೌರಿ ರಾಜ್ಯದ ಮಾರ್ಸಲೀನ್‌ನಲ್ಲಿ. ಮಾರ್ಕ್ ಟ್ವೇನ್ ಬೆಳೆದ, ಮಿಸಿಸಿಪಿ ದಡದ ಹ್ಯಾನಿಬಲ್ ಕೂಡ ಅದೇ ರಾಜ್ಯದ ಊರು. ಲೇಖಕನಾಗಿ ಹೆಸರಾಗುವ ಮುನ್ನ ಟ್ವೇನ್ ಅದೇ ನದಿಯಲ್ಲಿ ಪರವಾನಗಿ ಪಡೆದ ಹಡಗು ಚಾಲಕನಾಗಿದ್ದ.

ಪಾರ್ಕಿಗೆ ಗೊತ್ತಾದ ಅನಾಹೈಮ್‌ನ ಜಾಗ ಕಿತ್ತಳೆ ತೋಟ. ನದಿಯೆಂಬುದು ಅಲ್ಲಿರಲಿಲ್ಲ. ಬುಲ್ಡೋಜರ್‌ಗಳಿಂದ ಅಗೆದು ಕಾಲುವೆ ಮಾಡಿ ನೀರು ಬಿಟ್ಟರೆ, ನೆಲ ಆ ನೀರನ್ನು ಕುಡಿದುಬಿಟ್ಟಿತು. ಆಮೇಲೆ ತಳಕ್ಕೆ ಜೇಡಿಮಣ್ಣು ಹಾಸಬೇಕಾಯಿತು. ನಿರ್ಮಾಣದ ಉಸ್ತುವಾರಿ ನೌಕಾಪಡೆಯ ನಿವೃತ್ತ ರಿಯರ್ ಅಡ್ಮಿರಲ್ ಜೋ ಫೌಲರ್ ಅವರದು. ಹಡಗಿನ ದುರಸ್ತಿಗೆ ಡ್ರೈ ಡಾಕ್ ಬೇಕೇ ಬೇಕು ಎಂದು ಅವರು ಹಟ ಹಿಡಿದರು. ಖರ್ಚು ಕಂಡು ಗೊಣಗಿದ ಡಿಸ್ನಿ ಅದನ್ನು ‘ಜೋನ ಹಳ್ಳ’ ಎಂದು ಗೇಲಿ ಮಾಡುತ್ತಿದ್ದನಂತೆ. ಈಗ ಆ ಹಳ್ಳಕ್ಕೆ ಫೌಲರ್ ಹೆಸರೇ ನಿಂತಿದೆ. ಹಡಗಿನ ತಳಭಾಗ ಸಿದ್ಧವಾದದ್ದು ಸ್ಯಾನ್ ಪೆಡ್ರೋದ ಟಾಡ್ ಹಡಗುಕಟ್ಟೆಯಲ್ಲಿ, ಮೇಲಿನ ಅಂತಸ್ತುಗಳು ಬರ್ಬ್ಯಾಂಕ್‌ನ ಡಿಸ್ನಿ ಸ್ಟುಡಿಯೊದಲ್ಲಿ. ಉದ್ದ 105 ಅಡಿ, ತೂಕ ಸುಮಾರು 150 ಟನ್.

ಯಂತ್ರದ ಮಟ್ಟಿಗೆ ಇದು ನಿಜವಾದ ಹಡಗು. ಬಾಯ್ಲರ್‌ನ ಹಬೆಯೇ ಚಕ್ರವನ್ನು ತಿರುಗಿಸುತ್ತದೆ, ಚಕ್ರವೇ ಹಡಗನ್ನು ಮುಂದೂಡುತ್ತದೆ. ಆದರೆ ದಿಕ್ಕು ಹಡಗಿನ ಕೈಯಲ್ಲಿಲ್ಲ. ನೀರಿನಡಿ ಉಕ್ಕಿನ ಹಳಿಯೊಂದಿದ್ದು, ಹಡಗು ಅದನ್ನು ಹಿಡಿದೇ ಸಾಗಬೇಕು. ಮೇಲೆ ಕೂತ ಚಾಲಕ ಸುಕ್ಕಾಣಿ ಎತ್ತ ತಿರುಗಿಸಿದರೂ ವ್ಯತ್ಯಾಸವಾಗದು. ಹಳಿ ಕಣ್ಣಿಗೆ ಬೀಳಬಾರದೆಂದು ನೀರಿಗೆ ಬಣ್ಣ ಬೆರೆಸುತ್ತಾರೆ. ಹಳೆಯ ಬಣ್ಣದ ಫೋಟೊಗಳಲ್ಲಿ ನೀರು ಕಂದುಹಸಿರಾಗಿ ಕಾಣುವುದಕ್ಕೆ ಫಿಲ್ಮಿನ ದೋಷ ಮಾತ್ರ ಕಾರಣವಲ್ಲ.

1955ರ ಜುಲೈ 13ರಂದು ಡಿಸ್ನಿ ದಂಪತಿಯ ಮದುವೆಯ 30ನೇ ವಾರ್ಷಿಕೋತ್ಸವದ ಔತಣಕ್ಕೆ ಬಂದವರನ್ನು ಹೊತ್ತು ಹಡಗು ಮೊದಲ ಸಲ ಹೊರಟಿತು. ನಾಲ್ಕು ದಿನದ ಬಳಿಕ, ಜುಲೈ 17ರಂದು, ಪಾರ್ಕ್ ತೆರೆಯಿತು. ಆರಂಭದ ದಿನಗಳಲ್ಲಿ ಎಷ್ಟು ಜನರನ್ನು ಹತ್ತಿಸಬೇಕೆಂಬ ಲೆಕ್ಕ ಯಾರಿಗೂ ಇರಲಿಲ್ಲ. ಜನ ಮಿತಿಮೀರಿ ಹತ್ತಿ, ಕೆಳ ಅಂತಸ್ತಿಗೆ ನೀರು ನುಗ್ಗಿದ ಮೇಲೆ 300 ಮಂದಿಯ ಮಿತಿ ಬಂತು.

ಈ ಹಡಗಿನ ಹಳೆಯ ಫೋಟೊ ಯಾವ ವರ್ಷದ್ದೆಂದು ಹೇಳಲು ಹಡಗನ್ನು ನೋಡಿ ಪ್ರಯೋಜನ ಕಡಿಮೆ, ಅದು ಹೆಚ್ಚು ಬದಲಾಗಿಲ್ಲ. ನೋಡಬೇಕಾದದ್ದು ಹಿನ್ನೆಲೆಯನ್ನು. ನಡುಗಡ್ಡೆ ಬರಿದಾಗಿದ್ದರೆ ಅದು 1955ರದು ಅಥವಾ 1956ರ ಮೊದಲ ತಿಂಗಳುಗಳದು, ಏಕೆಂದರೆ ಟಾಮ್ ಸಾಯರ್ ದ್ವೀಪ ಜನರಿಗೆ ತೆರೆದದ್ದು 1956ರಲ್ಲಿ. ಅದೇ ನೀರಿನಲ್ಲಿ ಹಾಯಿಹಡಗು ‘ಕೊಲಂಬಿಯಾ’ದ ಪಟಸ್ತಂಭ ಕಂಡರೆ 1958 ಅಥವಾ ಈಚಿನದು. ಮ್ಯಾಟರ್‌ಹಾರ್ನ್ ಪರ್ವತದ ಬಿಳಿ ತುದಿ ಇಣುಕಿದರೆ 1959ಕ್ಕಿಂತ ಹಿಂದಿನದಾಗುವ ಸಂಭವ ಕಡಿಮೆ. ದಡದಲ್ಲಿ ನ್ಯೂ ಆರ್ಲಿಯನ್ಸ್ ಸ್ಕ್ವೇರ್‌ನಲ್ಲಿ ಜನ ಓಡಾಡುತ್ತಿದ್ದರೆ 1966ರ ಜುಲೈ ದಾಟಿದೆ. ಸ್ಲೈಡಿನ ರಟ್ಟಿನ ಚೌಕಟ್ಟಿನ ಮೇಲೆ ಮುದ್ರೆಯಾದ ತಿಂಗಳು, ವರ್ಷವನ್ನು ಹಲವರು ಕಣ್ಣುಮುಚ್ಚಿ ನಂಬುತ್ತಾರೆ. ಅದು ಫಿಲ್ಮ್ ತೊಳೆದ ಕಾಲವೇ ಹೊರತು ಚಿತ್ರ ತೆಗೆದ ಕಾಲವಲ್ಲ. ಬಣ್ಣದ ವಿಷಯದಲ್ಲಿ ಅದೃಷ್ಟವೂ ಸೇರಿದೆ: ಕತ್ತಲಲ್ಲಿಟ್ಟ ಕೊಡಾಕ್ರೋಮ್ ಸ್ಲೈಡುಗಳು ಇಂದಿಗೂ ಕಳೆಗುಂದಿಲ್ಲ, ಆ ಕಾಲದ ಎಕ್ಟಾಕ್ರೋಮ್‌ಗಳು ಕೆಂಪಡರಿ ಕೂತಿವೆ.

ಹಡಗಿಗೆ ಹೆಸರು ಕೊಟ್ಟ ಲೇಖಕನಿಗೆ ಮುಂಬಯಿ ಅಪರಿಚಿತವಲ್ಲ. 1896ರ ಜನವರಿಯಲ್ಲಿ ಭಾಷಣ ಪ್ರವಾಸಕ್ಕೆಂದು ಬಂದ ಟ್ವೇನ್ ಕಾಳಾಘೋಡಾ ಬಳಿಯ ವಾಟ್ಸನ್ಸ್ ಹೋಟೆಲಿನಲ್ಲಿ ಇಳಿದುಕೊಂಡಿದ್ದ. ಅಲ್ಲಿನ ಕಾಗೆಗಳ ಕುರಿತು ಅವನು ಬರೆದದ್ದು ಪ್ರಸಿದ್ಧ. ಅದೇ ವರ್ಷ ಜುಲೈ 7ರಂದು ಅದೇ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಲನಚಿತ್ರಗಳ ಪ್ರದರ್ಶನ ನಡೆಯಿತು. ಚಕ್ರದ ಹಡಗೂ ಈ ನಗರಕ್ಕೆ ಹೊಸದಲ್ಲ. 1829ರಲ್ಲಿ ಬಾಂಬೆ ಡಾಕ್‌ಯಾರ್ಡಿನಲ್ಲಿ ಕಟ್ಟಿದ ‘ಹ್ಯೂ ಲಿಂಡ್ಸೆ’ ಎಂಬ ಹಬೆಹಡಗು ಮರುವರ್ಷದ ಮಾರ್ಚ್‌ನಲ್ಲಿ ಸುಯೆಜ್‌ಗೆ ಹೊರಟಿತ್ತು. ಡಿಸ್ನಿಲ್ಯಾಂಡಿನದಕ್ಕಿಂತ ಒಂದೂಕಾಲು ಶತಮಾನ ಹಿಂದಿನ ಮಾತು ಅದು.

ಮುಂಬಯಿ ಕನ್ನಡಿಗರಿಗಂತೂ ಸ್ಟೀಮರ್ ಎಂದರೆ ವಿನೋದವಲ್ಲ, ಹೊಟ್ಟೆಪಾಡಿನ ದಾರಿ. ಕೊಂಕಣ ರೈಲು ಬರುವುದಕ್ಕೆ ದಶಕಗಳ ಮೊದಲು ಮಂಗಳೂರು ಕಡೆಯಿಂದ ಹೋಟೆಲ್ ಕೆಲಸಕ್ಕೆ ಹೊರಟ ಹುಡುಗರಲ್ಲಿ ಅನೇಕರು ಈ ಊರನ್ನು ಮೊದಲು ಕಂಡದ್ದು ಹಡಗಿನ ಕಟಕಟೆಯಿಂದ. ಸಮುದ್ರದ ದಾರಿ ಕರುಣೆಯದೂ ಆಗಿರಲಿಲ್ಲ. ಮುಂಬಯಿಯಿಂದ ರೇವಸ್‌ಗೆ ಹೊರಟ ‘ರಾಮದಾಸ್’ ಹಡಗು ಮಗುಚಿ 600ಕ್ಕೂ ಹೆಚ್ಚು ಜನ ಮುಳುಗಿದ್ದು 1947ರ ಜುಲೈ 17ರಂದು. ಡಿಸ್ನಿಲ್ಯಾಂಡ್ ಬಾಗಿಲು ತೆರೆದ ದಿನಕ್ಕೆ ಸರಿಯಾಗಿ ಎಂಟು ವರ್ಷ ಹಿಂದೆ. ತಾರೀಖಿನ ಈ ಹೊಂದಿಕೆ ಕೇವಲ ಕಾಕತಾಳೀಯ, ಆದರೂ ಹಳಿಯ ಮೇಲೋಡುವ ಹಡಗಿಗೂ ಅಲೆಯ ಮೇಲೋಡುವ ಹಡಗಿಗೂ ಇರುವ ಅಂತರ ಅಲ್ಲಿ ಎದ್ದು ಕಾಣುತ್ತದೆ.

ಭಾರತದಲ್ಲಿ ದೊಡ್ಡ ಮಟ್ಟದ ಮನರಂಜನಾ ಪಾರ್ಕುಗಳ ಕಾಲ ಶುರುವಾದದ್ದು 1984ರ ನವೆಂಬರ್‌ನಲ್ಲಿ, ದೆಹಲಿಯ ಅಪ್ಪು ಘರ್‌ನಿಂದ. ಐದು ವರ್ಷದ ನಂತರ, 1989ರಲ್ಲಿ, ಸುಭಾಷ್ ಚಂದ್ರ ಅವರ ಎಸ್ಸೆಲ್ ಸಮೂಹ ಗೋರಾಯಿಯಲ್ಲಿ ಎಸ್ಸೆಲ್‌ವರ್ಲ್ಡ್ ತೆರೆಯಿತು. ಇದೇ ಸಮೂಹ ಝೀ ಟಿವಿ ಆರಂಭಿಸಿದ್ದು ಅದಾದ ಮೇಲೆ, 1992ರಲ್ಲಿ. ಪಕ್ಕದಲ್ಲೇ 1998ರಲ್ಲಿ ವಾಟರ್ ಕಿಂಗ್‌ಡಮ್ ಬಂತು. ಜಾಗ ಬೋರಿವಲಿಯ ಕಣ್ಣಳತೆಯಲ್ಲೇ ಇದ್ದರೂ ನಡುವೆ ಮನೋರಿ ಖಾರಿ. ಮನೋರಿ, ಗೋರಾಯಿ, ಉತ್ತನ್ ಹಳ್ಳಿಗಳಿರುವ ಧಾರಾವಿ ಬೇಟ್ ಎಂಬ ಈ ಭೂಭಾಗದಲ್ಲಿ ಕೋಲಿ ಮೀನುಗಾರರೂ ಈಸ್ಟ್ ಇಂಡಿಯನ್ ಕ್ರೈಸ್ತರೂ ತಲೆಮಾರುಗಳಿಂದ ನೆಲೆಸಿದ್ದಾರೆ. (ಹೆಸರು ಒಂದೇ ಆದರೂ ಮಾಹಿಮ್ ಬಳಿಯ ಧಾರಾವಿಗೂ ಇದಕ್ಕೂ ಸಂಬಂಧವಿಲ್ಲ.) ರಸ್ತೆಯಲ್ಲೇ ಹೋಗಬೇಕೆಂದರೆ ಭಾಯಂದರ್ ಸುತ್ತಿ ಬರಬೇಕು. ಹಾಗಾಗಿ ಪಾರ್ಕಿನ ಮೊದಲ ಬಾಗಿಲು ಜೆಟ್ಟಿಯೇ ಆಯಿತು.

ಆ ಬೋಟು ಯಾರೂ ವಿನ್ಯಾಸ ಮಾಡಿದ ರೈಡ್ ಅಲ್ಲ, ನಕ್ಷೆಯ ಅನಿವಾರ್ಯತೆ. ದೂರದರ್ಶನದಲ್ಲಿ ಬರುತ್ತಿದ್ದ ಪಾರ್ಕಿನ ಜಾಹೀರಾತಿನ ಹಾಡನ್ನು ಬಾಯಿಪಾಠ ಮಾಡಿಕೊಂಡ ಶಾಲೆಯ ಮಕ್ಕಳಿಗೆ ಮಾತ್ರ ಪಿಕ್ನಿಕ್ ಶುರುವಾಗುತ್ತಿದ್ದುದು ಗೇಟಿನಲ್ಲಲ್ಲ, ಬೋಟಿಗೆ ಕಾಲಿಟ್ಟಾಗ. ಇಲ್ಲಿ ಹಳಿಯಿಲ್ಲ. ಮುಂಬಯಿಯ ದೊಡ್ಡ ಉಬ್ಬರ 4.5 ಮೀಟರ್ ದಾಟುವುದುಂಟು. ಇಳಿತದಲ್ಲಿ ಎರಡೂ ದಡದ ಕೆಸರು ಮೇಲೇಳುತ್ತದೆ, ಕಾಂಡ್ಲಾ ಗಿಡಗಳ ಬೇರು ಹೊರಬೀಳುತ್ತದೆ, ಆಳವಿರುವ ಕಡೆ ನೋಡಿಕೊಂಡು ತಾಂಡೇಲ ಬೋಟು ತಿರುಗಿಸಬೇಕಾಗುತ್ತದೆ. ಸುಕ್ಕಾಣಿಗೆ ಇಲ್ಲಿ ಕೆಲಸವಿದೆ. ರೈಡ್ ಎಂಬ ಹೆಸರಿಗೆ ಇವೆರಡರಲ್ಲಿ ಹೆಚ್ಚು ಯೋಗ್ಯವಾದದ್ದು ಗೋರಾಯಿಯ ಬೋಟೇ.

ಈ ಚಿತ್ರಗಳಿಗೂ ಹಿನ್ನೆಲೆಯೇ ಗಡಿಯಾರ. ಗೋರಾಯಿ ದಡದಲ್ಲಿ ಚಿನ್ನದ ಬಣ್ಣದ ಜಾಗತಿಕ ವಿಪಶ್ಯನಾ ಪಗೋಡ ಕಾಣುತ್ತದೋ ಇಲ್ಲವೋ ನೋಡಬೇಕು. ಅದರ ಕಟ್ಟಡ ಏಳತೊಡಗಿದ್ದು 2000ದ ಸುಮಾರಿಗೆ, ರಾಷ್ಟ್ರಪತಿ ಪ್ರತಿಭಾ ಪಾಟೀಲರು ಉದ್ಘಾಟಿಸಿದ್ದು 2009ರ ಫೆಬ್ರವರಿಯಲ್ಲಿ. ದಡ ಬೋಳಾಗಿದ್ದರೆ ಫೋಟೊ ತೊಂಬತ್ತರ ದಶಕದ್ದು. ಮೂಲೆಯಲ್ಲಿ ಕಿತ್ತಳೆ ಅಂಕಿಗಳಲ್ಲಿ ಮೂಡಿದ ತಾರೀಖನ್ನು ಒಂದೇ ಸಾಕ್ಷಿಯಾಗಿ ನೆಚ್ಚಬಾರದು. ಬ್ಯಾಟರಿ ಬದಲಿಸಿದ ಮೇಲೆ ಅದನ್ನು ಸರಿಪಡಿಸುವ ತಾಳ್ಮೆ ಎಷ್ಟು ಮನೆಗಳಲ್ಲಿತ್ತು?

ಇತ್ತ 2020ರ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿದ ಎಸ್ಸೆಲ್‌ವರ್ಲ್ಡ್ ಆಮೇಲೆ ಹಳೆಯ ಕಳೆಗೆ ಮರಳಲಿಲ್ಲ. ಅತ್ತ ಫ್ಲಾರಿಡಾದ ಡಿಸ್ನಿ ಪಾರ್ಕಿನ ನದಿಹಡಗು ‘ಲಿಬರ್ಟಿ ಬೆಲ್’ 2025ರ ಜುಲೈನಲ್ಲಿ ಓಟ ನಿಲ್ಲಿಸಿತು, ಅದರ ನದಿಯ ಜಾಗವೂ ಬೇರೆ ಆಟಗಳ ಪಾಲಾಯಿತು. ಕ್ಯಾಲಿಫೋರ್ನಿಯಾದ ಹಡಗಿನ ಚಿತ್ರಗಳನ್ನು ಹುಡುಕಿ ಕೂಡಿಡುವ ಹವ್ಯಾಸಿಗಳು ಬೇಕಾದಷ್ಟಿದ್ದಾರೆ. ಗೋರಾಯಿಯ ಬೋಟಿನ ಚಿತ್ರಗಳು ಇನ್ನೂ ಬೀರುಗಳಲ್ಲೇ ಇವೆ. ಅಂಟಿನ ಹಾಳೆಯ ಆಲ್ಬಮ್‌ಗಳಲ್ಲಿ ಅವು ಹಳದಿಯಾಗುವ ಮುನ್ನ ಹೊರತೆಗೆಯಿರಿ. ನೆಗೆಟಿವ್ ಉಳಿದಿದ್ದರೆ ಪ್ರಿಂಟಿಗಿಂತ ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ. ಹಿಂಬದಿಯಲ್ಲಿ ಬಾಲ್‌ಪೆನ್ ಬೇಡ, ಮೆತ್ತನೆಯ ಪೆನ್ಸಿಲಿನಲ್ಲಿ ವರ್ಷವನ್ನೂ, ಹತ್ತಿದ್ದು ಗೋರಾಯಿಯಲ್ಲೋ ಮಾರ್ವೆಯಲ್ಲೋ ಎಂಬುದನ್ನೂ ಬರೆದಿಡಿ.