ಫಲಕದ ಹೆಸರು, ದಿನದ ಹೆಸರು

ಮುಂಬಯಿಯ ಶಿವಡಿಯಿಂದ ವಡಾಲದ ಮೂಲಕ ಹಾಯುವ ರಾಜಮಾರ್ಗಕ್ಕೆ ರಫಿ ಅಹಮದ್ ಕಿದ್ವಾಯಿಯವರ ಹೆಸರುಂಟು. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೂ ಅದೇ ಹೆಸರು. 1954ರಲ್ಲಿ ದಿವಂಗತರಾದ ಈ ಮಹನೀಯರು ಸ್ವತಂತ್ರ ಭಾರತದ ಸಂಪರ್ಕ ಖಾತೆಯನ್ನೂ ಅನಂತರ ಆಹಾರ ಖಾತೆಯನ್ನೂ ನಿರ್ವಹಿಸಿದವರು. ಧಾನ್ಯದ ಮೇಲಣ ನಿಯಂತ್ರಣವನ್ನು ಸಡಿಲಿಸಿದ ಕೀರ್ತಿ ಅವರದು. ಆದರೆ ಇಂದು ವಡಾಲದಲ್ಲಿ ಕಿದ್ವಾಯಿ ಎಂದರೆ ಬಸ್ಸಿನ ದಾರಿ. ಬೆಂಗಳೂರಿನಲ್ಲಿ ‘ಕಿದ್ವಾಯಿಗೆ ಹೋಗಬೇಕಂತೆ’ ಎಂದೊಡನೆ ಮನೆಮಂದಿಯ ಮುಖ ಬಾಡುತ್ತದೆ. ಹೆಸರು ನಿತ್ಯವೂ ನಾಲಗೆಯ ಮೇಲಿದೆ, ವ್ಯಕ್ತಿ ಮಾತ್ರ ಸ್ಮೃತಿಯಿಂದ ಜಾರಿದ್ದಾರೆ.

ರಾಷ್ಟ್ರಪತಿ ಪದವಿಯನ್ನಲಂಕರಿಸಿದವರ ಹೆಸರಿಗೂ ಈ ಗತಿ ತಪ್ಪಿದ್ದಲ್ಲ. ಆದರೆ ಅವರಲ್ಲಿ ಇಬ್ಬರ ಹೆಸರು ಫಲಕವನ್ನು ಬಿಟ್ಟು ಪಂಚಾಂಗವನ್ನು ಹೊಕ್ಕಿದೆ. 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಜನ್ಮದಿನವಾದ ಸೆಪ್ಟೆಂಬರ್ 5, ಅವರು ರಾಷ್ಟ್ರಪತಿಗಳಾದ 1962ರಿಂದ ಶಿಕ್ಷಕರ ದಿನವಾಯಿತು. ಕಲ್ಕತ್ತೆಗೆ ಹೊರಟ ಗುರುವಿನ ಸಾರೋಟನ್ನು ಮಹಾರಾಜಾ ಕಾಲೇಜಿನ ವಿದ್ಯಾರ್ಥಿಗಳು ತಾವೇ ರೈಲು ನಿಲ್ದಾಣದವರೆಗೆ ಎಳೆದೊಯ್ದ ಸಂಗತಿಯನ್ನು ಮೈಸೂರಿಗರು ಇಂದಿಗೂ ಹೆಮ್ಮೆಯಿಂದ ಹೇಳುವುದುಂಟು.

ಎರಡನೆಯವರು ಅಬ್ದುಲ್ ಕಲಾಂ. 2002ರಿಂದ 2007ರವರೆಗೆ ರಾಷ್ಟ್ರಪತಿಗಳಾಗಿದ್ದ ಅವರು 2015ರ ಜುಲೈ 27ರಂದು ಶಿಲ್ಲಾಂಗಿನಲ್ಲಿ ಉಪನ್ಯಾಸ ಮಾಡುತ್ತಿದ್ದಂತೆಯೇ ಕುಸಿದು ಅಸುನೀಗಿದರು. ಅದೇ ವರ್ಷ ದಿಲ್ಲಿಯ ಔರಂಗಜೇಬ್ ರಸ್ತೆಗೂ ಒಡಿಶಾದ ವೀಲರ್ ದ್ವೀಪಕ್ಕೂ ಅವರ ಹೆಸರನ್ನಿಡಲಾಯಿತು. ಎರಡೆಡೆಯೂ ಒಂದನ್ನು ಒರಸಿಯೇ ಇನ್ನೊಂದನ್ನು ಬರೆದದ್ದು. ಹಾಗೆ ಬರೆದುದನ್ನು ಮತ್ತೊಂದು ಕಾಲ ಒರಸಲಾರದೆಂಬ ಭರವಸೆಯೇನೂ ಇಲ್ಲ.

ಮಹಾರಾಷ್ಟ್ರ ಸರಕಾರವು ಹಿಡಿದ ದಾರಿ ಬೇರೆ. ಕಲಾಮರ ಜನ್ಮದಿನವಾದ ಅಕ್ಟೋಬರ್ 15ನ್ನು ಅದು 2015ರಿಂದ ‘ವಾಚನ ಪ್ರೇರಣಾ ದಿನ’ವಾಗಿ ಶಾಲೆಗಳಲ್ಲಿ ಆಚರಿಸತೊಡಗಿತು. (ಕನ್ನಡದ ಕಿವಿಗೆ ವಾಚನವೆಂದರೆ ಗಮಕಿಯ ಕಾವ್ಯವಾಚನ ನೆನಪಾಗುತ್ತದೆ, ಮರಾಠಿಯಲ್ಲಿ ಅದು ನಿತ್ಯದ ಓದು.) ಇಲ್ಲಿ ಹೆಸರಿಗೆ ಒಂದು ಕೆಲಸ ಅಂಟಿಕೊಂಡಿದೆ. ಪುಸ್ತಕವನ್ನು ಬಿಡಿಸದೆ ಆ ದಿನವನ್ನು ಆಚರಿಸುವಂತಿಲ್ಲ. ಹಾರ ಹಾಕಿ ಭಾಷಣ ಮಾಡಿ ಮುಗಿಸುವ ಜಯಂತಿಗಿಂತ ಇದು ಮೇಲೆಂಬುದರಲ್ಲಿ ಸಂಶಯವಿಲ್ಲ.

ಆದರೂ ಪೂಜ್ಯಭಾವವು ಬೆಳೆದಲ್ಲಿ ದಂತಕಥೆಯೂ ಬೆಳೆಯುತ್ತದೆ. ಅಕ್ಟೋಬರ್ 15ನ್ನು ವಿಶ್ವಸಂಸ್ಥೆಯೇ ವಿಶ್ವ ವಿದ್ಯಾರ್ಥಿ ದಿನವೆಂದು ಸಾರಿದೆ ಎಂಬ ಮಾತು ಶಾಲೆಗಳ ಗೋಡೆಬರಹಗಳಲ್ಲಿಯೂ ಭಾಷಣಗಳಲ್ಲಿಯೂ ಬೇರೂರಿದೆ. ಆ ಸಂಸ್ಥೆಯ ಅಂತಾರಾಷ್ಟ್ರೀಯ ದಿನಗಳ ಪಟ್ಟಿಯಲ್ಲಿ ಅಂತಹ ದಿನವೇ ಇಲ್ಲ. ಓದಿಗೆ ಮೀಸಲಾದ ದಿನದಂದೇ ಓದಿ ಪರಿಶೀಲಿಸದ ಸಂಗತಿಯನ್ನು ಮಕ್ಕಳಿಗೆ ಹೇಳಿಕೊಡುವುದು ಆ ವಿಜ್ಞಾನಿಗೆ ಸಲ್ಲುವ ಗೌರವವಲ್ಲ.

ನಿಜವಾದ ಸಂಗತಿಗಳಾದರೂ ಕಡಮೆ ಸ್ವಾರಸ್ಯದವಲ್ಲ. ಕಲಾಮರು ತಾರುಣ್ಯದಲ್ಲಿ ಬೆಂಗಳೂರಿನ ವಿಮಾನ ಸಂಶೋಧನ ಸಂಸ್ಥೆಯಲ್ಲಿದ್ದಾಗ, ನೆಲದಿಂದ ತುಸುವೇ ಮೇಲೆ ಗಾಳಿಯ ಮೆತ್ತೆಯ ಮೇಲೆ ತೇಲುವ ವಾಹನವೊಂದನ್ನು ಸಂಗಡಿಗರೊಡನೆ ರೂಪಿಸಿದರು. ಅದಕ್ಕೆ ‘ನಂದಿ’ ಎಂದು ಹೆಸರು. ರಕ್ಷಣಾ ಸಚಿವ ಕೃಷ್ಣ ಮೆನನ್ನರೇ ಅದರಲ್ಲಿ ಕುಳಿತು ಸಂಚರಿಸಿದ್ದುಂಟು. ಆ ಕೆಲಸ ಮುಂದುವರಿಯಲಿಲ್ಲ. ಆದರೆ ಅದನ್ನು ಕಂಡುಹೋದ ಎಂ.ಜಿ.ಕೆ. ಮೆನನ್ನರ ದೆಸೆಯಿಂದ ಮುಂಬಯಿಗೆ ಸಂದರ್ಶನದ ಕರೆ ಬಂದು, ವಿಕ್ರಮ್ ಸಾರಾಭಾಯಿಯವರ ಎದುರು ಕುಳಿತ ತರುಣನು ಬಾಹ್ಯಾಕಾಶ ಸಂಶೋಧನೆಗೆ ಸೇರಿದನು. ಬೆಂಗಳೂರಿನ ವಿಫಲತೆಯೊಂದು ಮುಂಬಯಿಯಲ್ಲಿ ಬಾಗಿಲು ತೆರೆದ ಈ ಕಥೆ, ಎರಡೂ ಊರುಗಳ ನಂಟಿರುವ ವಡಾಲದ ಕನ್ನಡ ಮಗುವಿಗೆ ಯಾವ ಘೋಷಣೆಗಿಂತಲೂ ಹತ್ತಿರದ್ದು.

ವಡಾಲದಲ್ಲಿ ಎನ್.ಕೆ.ಇ.ಎಸ್. ಸಂಸ್ಥೆಯ ಶಾಲೆಯುಂಟು. ನಗರದ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತ ಬಂದಿರುವಾಗ, ವಾಚನ ದಿನದಂದು ಆ ಮಕ್ಕಳ ಕೈಗೆ ಯಾವ ಪುಸ್ತಕ ಬರುತ್ತದೆಂಬುದು ಸಣ್ಣ ಪ್ರಶ್ನೆಯಲ್ಲ. ಸರಕಾರದ ಆಜ್ಞೆಯು ದಿನವನ್ನು ಗೊತ್ತುಮಾಡಿತು. ಕಪಾಟನ್ನು ತುಂಬುವುದು ಇಲ್ಲಿಯ ಸಂಘಸಂಸ್ಥೆಗಳ ಹೊಣೆ. ನಂದಿಯ ಕಥೆಯುಳ್ಳ ಕಲಾಮರ ಆತ್ಮಕಥೆಯೇ ದಾದರದ ಅಂಗಡಿಗಳಲ್ಲಿ ಮರಾಠಿಯ ‘ಅಗ್ನಿಪಂಖ’ವಾಗಿ ಸುಲಭವಾಗಿ ದೊರೆಯುತ್ತದೆ. ಅದರ ಕನ್ನಡ ಅನುವಾದ ಬೇಕೆಂದರೆ ಬೆಂಗಳೂರಿಗೆ ಬರೆದು ತರಿಸಿಕೊಳ್ಳಬೇಕು.