ತೋಟದ ಟ್ರ್ಯಾಕ್ಟರಿನ ಇಂಧನ ಪಂಪಿಗೆ ರಿಲೇ ಜೋಡಣೆ

ಹುಲ್ಲು ಕತ್ತರಿಸಲು, ಚಿಕ್ಕ ಗಾಡಿ ಎಳೆಯಲು, ಹಿತ್ತಿಲನ್ನು ಉಳಲು ಅಮೆರಿಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ತೋಟದ ಟ್ರ್ಯಾಕ್ಟರುಗಳು ಬಹುಮಟ್ಟಿಗೆ ಪೆಟ್ರೋಲಿನಿಂದ ನಡೆಯುತ್ತವೆ. ನಮ್ಮ ದೇಶದ ಸಣ್ಣ ಟ್ರ್ಯಾಕ್ಟರುಗಳು ಹೆಚ್ಚಾಗಿ ಡೀಸೆಲ್ ಯಂತ್ರಗಳಾದುದರಿಂದ ಇಲ್ಲಿನ ವಿವರಣೆ ಅವುಗಳಿಗೆ ಹಾಗೆಯೇ ಅನ್ವಯಿಸದು. ತೋಟದ ಟ್ರ್ಯಾಕ್ಟರುಗಳಲ್ಲಿ ಅನೇಕವು, ಎಂಜಿನ್ನಿನೊಳಗೆ ಪಿಸ್ಟನ್ನಿನ ಚಲನೆಯಿಂದ ಉಂಟಾಗುವ ಒತ್ತಡದ ಏರಿಳಿತದಿಂದಲೇ ನಡೆಯುವ ಪಂಪನ್ನು ಹೊಂದಿರುತ್ತವೆ. ಅದರೊಳಗಿನ ತೆಳು ಪೊರೆ ಹರಿದು ಪಂಪು ಕೆಟ್ಟಾಗ ಕೆಲವರು 12 ವೋಲ್ಟಿನ ವಿದ್ಯುತ್ ಪಂಪನ್ನು ಅಳವಡಿಸುವುದುಂಟು.

ಹಳೆಯ ಪಂಪಿಗೆ ಒಂದು ಸಹಜ ಗುಣವಿತ್ತು. ಎಂಜಿನ್ ನಿಂತೊಡನೆ ತಾನೂ ನಿಲ್ಲುತ್ತಿತ್ತು. ವಿದ್ಯುತ್ ಪಂಪಿಗೆ ಈ ಅರಿವಿಲ್ಲ. ಟ್ರ್ಯಾಕ್ಟರು ಮಗುಚಿ ಎಂಜಿನ್ ನಿಂತರೂ, ಇಂಧನದ ಕೊಳವೆ ಕಳಚಿದರೂ, ಕೀಲಿ ತಿರುಗಿಸಿದ ಸ್ಥಿತಿಯಲ್ಲಿರುವವರೆಗೆ ಅದು ಬಿಸಿ ಸೈಲೆನ್ಸರಿನ ಮೇಲೆ ಪೆಟ್ರೋಲನ್ನು ಸುರಿಯುತ್ತಲೇ ಇರಬಲ್ಲದು. ಆದುದರಿಂದ ಪಂಪನ್ನು ನಡೆಸುವುದಕ್ಕಿಂತ ಅದನ್ನು ಸಕಾಲದಲ್ಲಿ ನಿಲ್ಲಿಸುವುದೇ ಈ ಜೋಡಣೆಯಲ್ಲಿ ಮುಖ್ಯ.

ಅಲ್ಪ ವಿದ್ಯುತ್ ಪ್ರವಾಹದಿಂದ ಹೆಚ್ಚಿನ ಪ್ರವಾಹವನ್ನು ಹತೋಟಿಯಲ್ಲಿಡುವ ಸ್ವಿಚ್ಚೇ ರಿಲೇ. ಅದರೊಳಗಿನ ಸುರುಳಿಯಲ್ಲಿ ಸುಮಾರು 150 ಮಿಲಿ ಆಂಪಿಯರ್ ಹರಿದಾಗ ಸುರುಳಿ ಕಾಂತವಾಗಿ ಲೋಹದ ಪಟ್ಟಿಯೊಂದನ್ನು ಸೆಳೆದು ಮುಖ್ಯ ದಾರಿಯನ್ನು ಕೂಡಿಸುತ್ತದೆ. ಸಣ್ಣ ಪಂಪು ಎಳೆಯುವುದು ಸಾಮಾನ್ಯವಾಗಿ 1ರಿಂದ 2 ಆಂಪಿಯರ್ ಮಾತ್ರ. ಅಷ್ಟಕ್ಕೆ ರಿಲೇ ಏಕೆಂದು ಕೇಳಬಹುದು. ಸುರುಳಿಯ ಅಲ್ಪ ಪ್ರವಾಹವನ್ನು ಎಂಜಿನ್ನಿನ ಸೂಕ್ಷ್ಮ ಸ್ವಿಚ್ಚೊಂದರ ಮೂಲಕ ಹಾಯಿಸಿ, ಪಂಪನ್ನು ಅದರ ಅಂಕೆಗೆ ಒಳಪಡಿಸಬಹುದೆಂಬುದೇ ಉತ್ತರ.

ಕೆಲಸಕ್ಕೆ ಮೊದಲು ಎಂಜಿನ್ ತಣ್ಣಗಾಗಿರಬೇಕು. ಬ್ಯಾಟರಿಯ ಋಣ ತುದಿಯ ತಂತಿಯನ್ನು ಕಳಚಿರಬೇಕು. ವಾಹನಗಳ ರಿಲೇಯ ಕಾಲುಗಳ ಬಳಿ 30, 85, 86, 87 ಎಂಬ ಅಂಕಿಗಳಿರುತ್ತವೆ. ಬ್ಯಾಟರಿಯ ಧನ ತುದಿಯಿಂದ ಹೊರಟ ತಂತಿ 5 ಆಂಪಿಯರಿನ ಫ್ಯೂಸಿನ ಮೂಲಕ 30ಕ್ಕೆ ಬರಬೇಕು. ಫ್ಯೂಸು ಬ್ಯಾಟರಿಗೆ ಅತಿ ಸಮೀಪದಲ್ಲಿರತಕ್ಕದ್ದು. ಅದರ ಹಿಂದಿನ ತಂತಿಗೆ ಯಾವ ರಕ್ಷಣೆಯೂ ಇಲ್ಲ. 87ರಿಂದ ಪಂಪಿನ ಧನ ತುದಿಗೆ ತಂತಿ ಹೋಗುತ್ತದೆ. ಪಂಪಿನ ಇನ್ನೊಂದು ತುದಿಯನ್ನು ಬಣ್ಣ ಕೆರೆದ ಚೌಕಟ್ಟಿಗೆ ಬಿಗಿಯಬೇಕು. 86ಕ್ಕೆ, ಕೀಲಿ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ತುದಿಯನ್ನು ಮೀಟರಿನಿಂದ ಪರೀಕ್ಷಿಸಿ ಕೂಡಿಸಬೇಕು. ಇಲ್ಲಿ ತಪ್ಪುವ ಸಂಭವ ಹೆಚ್ಚು. ಈ ಎಂಜಿನ್ನುಗಳಲ್ಲಿ ಅನೇಕವು ಮ್ಯಾಗ್ನೆಟೋದಿಂದ ಕಿಡಿ ಪಡೆಯುತ್ತವೆ. ಅದರ ತಂತಿಯನ್ನು ಚೌಕಟ್ಟಿಗೆ ತಾಗಿಸಿ ಎಂಜಿನ್ ನಿಲ್ಲಿಸಲಾಗುತ್ತದೆ. ಆ ತಂತಿಗೆ ಬ್ಯಾಟರಿಯ ವಿದ್ಯುತ್ತು ತಗಲಿದರೆ ಕಿಡಿಯ ಘಟಕ ಸುಟ್ಟುಹೋಗಬಹುದು.

ಉಳಿದ 85ನ್ನು ಎಣ್ಣೆಯ ಒತ್ತಡದ ಸ್ವಿಚ್ಚಿಗೆ ಜೋಡಿಸಬೇಕು. ಒತ್ತಡ ಬಂದಾಗ ಕೂಡಿಕೊಳ್ಳುವ ಬಗೆಯ ಸ್ವಿಚ್ಚನ್ನೇ ಕೇಳಿ ಪಡೆಯಬೇಕು. ಎಚ್ಚರಿಕೆಯ ದೀಪಕ್ಕೆಂದು ಸಾಮಾನ್ಯವಾಗಿ ಇರುವ ಸ್ವಿಚ್ಚು ಇದಕ್ಕೆ ತದ್ವಿರುದ್ಧ. ಅದನ್ನು ಬಳಸಿದರೆ ಎಂಜಿನ್ ನಿಂತಾಗ ಪಂಪು ಓಡೀತು, ಓಡುವಾಗ ನಿಂತೀತು! 85ರ ತಂತಿ ಸವೆದು ಚೌಕಟ್ಟಿಗೆ ತಗಲಿದರೂ ಸ್ವಿಚ್ಚು ವ್ಯರ್ಥವಾಗುವುದರಿಂದ ಅದಕ್ಕೆ ಗಟ್ಟಿ ಹೊದಿಕೆ ಅವಶ್ಯ. ಎಂಜಿನ್ ಹೊರಡಲು ಬೇಕಾದಷ್ಟು ಪೆಟ್ರೋಲು ಸಾಮಾನ್ಯವಾಗಿ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿಯೇ ಇರುತ್ತದೆ. ಬಹುಕಾಲ ನಿಂತು ಬಟ್ಟಲು ಒಣಗಿದ್ದರೆ, 85 ಮತ್ತು ಚೌಕಟ್ಟಿನ ನಡುವೆ ಒತ್ತಿದಷ್ಟು ಹೊತ್ತು ಮಾತ್ರ ಕೂಡುವ ಗುಂಡಿಯನ್ನು ಇರಿಸಿಕೊಳ್ಳಬಹುದು. ಎಣ್ಣೆಯನ್ನು ಒಳಗೆ ಎರಚಿಯೇ ಹರಡುವ ಎಂಜಿನ್ನುಗಳಲ್ಲಿ ಒತ್ತಡವಿಲ್ಲದ್ದರಿಂದ ಈ ಉಪಾಯ ನಡೆಯದು. ಅಂಥವುಗಳಿಗೆ ಹಳೆಯ ಬಗೆಯ ಪಂಪನ್ನೇ ಹೊಸದಾಗಿ ಹಾಕುವುದು ಲೇಸು.

ಪಂಪಿನ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಕಾರ್ಬ್ಯುರೇಟರಿಗೆಂದೇ ಮಾಡಿದ, ಚದರ ಅಂಗುಲಕ್ಕೆ ಕೆಲವೇ ಪೌಂಡ್ ಒತ್ತಡದ ಪಂಪು ಸಾಕು. ಫ್ಯುಯೆಲ್ ಇಂಜೆಕ್ಷನ್ ಕಾರಿನ ಪಂಪು ಬಟ್ಟಲಿನ ಸೂಜಿಯನ್ನು ತಳ್ಳಿ ಪೆಟ್ರೋಲನ್ನು ಉಕ್ಕಿಸುತ್ತದೆ. ರಿಲೇಯನ್ನು ನೀರು ನಿಲ್ಲದಂತೆ ಕಾಲುಗಳು ಕೆಳಮುಖವಾಗಿರುವಂತೆ ಕೂರಿಸಬೇಕು.

ಜೋಡಣೆ ಮುಗಿದ ಮೇಲೆ ಬಯಲಿನಲ್ಲಿ ಪರೀಕ್ಷೆ ನಡೆಸಬೇಕು. ಎಂಜಿನ್ ಹೊರಡಿಸದೆ ಕೀಲಿಯನ್ನಷ್ಟೆ ತಿರುಗಿಸಿದಾಗ ಪಂಪು ಸದ್ದು ಮಾಡಬಾರದು. ಅನಂತರ ಎಂಜಿನ್ ಓಡುತ್ತಿರುವಾಗ ಒತ್ತಡದ ಸ್ವಿಚ್ಚಿನ ತಂತಿಯನ್ನು ಕಳಚಿ, ಅದು ಲೋಹಕ್ಕೆ ತಾಗದಂತೆ ಹಿಡಿಯಬೇಕು. ಪಂಪಿನ ಸದ್ದು ತಕ್ಷಣ ಅಡಗಿ, ಬಟ್ಟಲಿನಲ್ಲಿ ಉಳಿದ ಪೆಟ್ರೋಲು ತೀರಿದೊಡನೆ ಎಂಜಿನ್ ನಿಂತರೆ ಜೋಡಣೆ ಸರಿಯಾಗಿದೆ.