ತೈವಾನಿನ ಬೊಬಾ, ಕರಾವಳಿಯ ಪುನರ್ಪುಳಿ

ಗಾಜಿನ ಲೋಟದ ತಳದಲ್ಲಿ ಕರಿಮಣಿಯಂಥ ಉಂಡೆಗಳು, ಮೇಲೆ ಹಣ್ಣಿನ ರಸ ಬೆರೆತ ತಣ್ಣನೆಯ ಚಹಾ, ಹೀರಲು ಬೆರಳು ದಪ್ಪದ ಸ್ಟ್ರಾ. ಇದು ಬಬಲ್ ಟೀ. ಗುಟುಕಿನ ಜೊತೆ ಬಾಯಿಗೆ ಬರುವ ಉಂಡೆಯ ಹೆಸರು ಬೊಬಾ. ಅದನ್ನು ನುಂಗುವುದಲ್ಲ, ಅಗಿಯಬೇಕು. ಬೊಂಡ ಕುಡಿದ ಮೇಲೆ ಗಂಜಿ ಕೆರೆದು ತಿನ್ನುವ, ಶರಬತ್ತಿಗೆ ಕಾಮಕಸ್ತೂರಿ ಬೀಜ ನೆನೆಸಿ ಹಾಕುವ ಕುಂದಾಪುರ ಸೀಮೆಯವರಿಗೆ ಅಗಿಯುತ್ತ ಕುಡಿಯುವುದು ಹೊಸತೇನಲ್ಲ. ಇದಕ್ಕೆ ಬೇಕಾದ ಸಾಮಗ್ರಿಯೂ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲೇ ಬಹುಪಾಲು ಸಿಗುತ್ತದೆ. ಕಲಿಯಬೇಕಾದ್ದು ಉಂಡೆಯ ಹದ ಮಾತ್ರ.

ಈ ಪೇಯ ಹುಟ್ಟಿದ್ದು 1980ರ ದಶಕದ ತೈವಾನಿನಲ್ಲಿ. ತೈಚುಂಗ್ ನಗರದ ಚುನ್ ಶುಯ್ ತಾಂಗ್ ಮತ್ತು ತೈನಾನ್ ನಗರದ ಹಾನ್‌ಲಿನ್ ಎಂಬ ಎರಡು ಚಹಾ ಅಂಗಡಿಗಳು ‘ಮೊದಲು ಮಾಡಿದವರು ನಾವು’ ಎಂದು ವರ್ಷಗಟ್ಟಲೆ ಕೋರ್ಟಿನಲ್ಲಿ ಜಗಳಾಡಿದವು. ಇದನ್ನು ಯಾರು ಬೇಕಾದರೂ ಮಾಡಬಹುದು, ಮೊದಲಿಗರು ಯಾರೆಂದು ತೀರ್ಮಾನಿಸುವ ಅಗತ್ಯವೇ ಇಲ್ಲ ಎಂದು ನ್ಯಾಯಾಲಯ 2019ರಲ್ಲಿ ವ್ಯಾಜ್ಯ ಮುಗಿಸಿತು.

ಬೊಬಾದ ಮೂಲ ಮರಗೆಣಸು. ದಕ್ಷಿಣ ಅಮೆರಿಕದ ಈ ಗೆಡ್ಡೆಯನ್ನು ತಿರುವಾಂಕೂರಿನಲ್ಲಿ ಬಡವರ ಆಹಾರವಾಗಿ ಹರಡಿದವರು 1880ರಿಂದ 1885ರವರೆಗೆ ಆಳಿದ ಮಹಾರಾಜ ವಿಶಾಖಂ ತಿರುನಾಳ್. ಕೇರಳದಿಂದ ಬಂದು ಜಡ್ಕಲ್, ಮುದೂರಿನ ಗುಡ್ಡಗಳಲ್ಲಿ ನೆಲೆಸಿದ ಕೃಷಿಕರ ತೋಟಗಳಲ್ಲಿ ಈಗಲೂ ಅದು ಬೆಳೆಯುತ್ತದೆ. ನಮ್ಮ ಅಡುಗೆಮನೆಯ ಸಬ್ಬಕ್ಕಿಯೂ ಇದೇ ಗೆಡ್ಡೆಯದು. 1940ರ ದಶಕದಲ್ಲಿ ಸೇಲಂ ಸುತ್ತಮುತ್ತ ಬೇರೂರಿದ ಆ ಉದ್ಯಮದ ಸಬ್ಬಕ್ಕಿಗೆ 2023ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ.

ಕೂವೆ ಹುಡಿ ಮಾಡಿ ಗೊತ್ತಿದ್ದವರಿಗೆ ಮರಗೆಣಸಿನ ಪಿಷ್ಟ ತೆಗೆಯುವುದು ಕಷ್ಟವಲ್ಲ. ಗೆಡ್ಡೆಯ ಸಿಪ್ಪೆ ಸುಲಿದು, ತುರಿದು, ನೀರಿನಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸಬೇಕು. ತಳಕ್ಕಿಳಿದ ಬಿಳಿ ಪಿಷ್ಟದ ಮೇಲಿನ ನೀರನ್ನು ನಾಲ್ಕಾರು ಸಲ ಬದಲಿಸಿ ಬಿಸಿಲಿಗೆ ಒಣಗಿಸಬೇಕು. ಹಸಿ ಗೆಡ್ಡೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶ ಇರುವುದರಿಂದ ನೀರು ಬದಲಿಸುವಲ್ಲಿ ಸೋಮಾರಿತನ ಕೂಡದು. ಗೆಡ್ಡೆಯನ್ನೇ ಒಣಗಿಸಿ ಪುಡಿ ಮಾಡಿದ ಹಿಟ್ಟು ಬೇರೆ. ಅದರಿಂದ ಬೊಬಾ ಆಗದು.

ಉಂಡೆಯ ಹದ

100 ಗ್ರಾಂ ಪಿಷ್ಟಕ್ಕೆ 60 ಮಿಲಿ ನೀರು, 50 ಗ್ರಾಂ ಬೆಲ್ಲ. ತೈವಾನಿನವರು ಕಂದು ಸಕ್ಕರೆ ಹಾಕುವ ಜಾಗದಲ್ಲಿ ಬೆಲ್ಲ ಸಲೀಸಾಗಿ ಕೂರುತ್ತದೆ. ಬ್ರಹ್ಮಾವರದಲ್ಲಂತೂ ನಿಂತುಹೋದ ಸಕ್ಕರೆ ಕಾರ್ಖಾನೆಯ ಆವರಣದಲ್ಲೇ ಆಲೆಮನೆ ಹೂಡಿ ಬೆಲ್ಲ ತೆಗೆದಿದ್ದಾರೆ. ಬೆಲ್ಲ ಕರಗಿಸಿ, ಸೋಸಿ, ಮತ್ತೆ ಕುದಿಸಿ ಅರ್ಧ ಪಿಷ್ಟ ಹಾಕಿ ತಿರುವಿ. ಅಂಟಾಗುತ್ತಿದ್ದಂತೆ ಒಲೆಯಿಂದ ಇಳಿಸಿ ಉಳಿದರ್ಧ ಸೇರಿಸಿ, ಕೈ ತಡೆಯುವಷ್ಟು ಬಿಸಿ ಇರುವಾಗಲೇ ನಾದಿ. ತಣ್ಣೀರಲ್ಲಿ ಕಲಸಿದರೆ ಹಿಟ್ಟು ಕೈಗೆ ಬರುವುದಿಲ್ಲ, ಹರಿಯುತ್ತದೆ. ಪಿಷ್ಟದ ಒಂದು ಪಾಲು ಮೊದಲೇ ಬೆಂದು ಅಂಟಾದರೆ ಮಾತ್ರ ಉಳಿದದ್ದನ್ನು ಹಿಡಿದಿಡುತ್ತದೆ.

ಕಡಲೆಗಿಂತ ಸಣ್ಣ ಉಂಡೆ ಕಟ್ಟಿ, ಒಣಪಿಷ್ಟ ಉದುರಿಸಿ, ಧಾರಾಳ ಕುದಿನೀರಿನಲ್ಲಿ 20 ನಿಮಿಷ ಬೇಯಿಸಿ. ಒಲೆ ಆರಿಸಿ ಮುಚ್ಚಳ ಹಾಕಿ ಇನ್ನು 15 ನಿಮಿಷ ಬಿಡಿ. ಆಮೇಲೆ ತಣ್ಣೀರಲ್ಲಿ ತೊಳೆದು ಬೆಲ್ಲದ ಪಾಕಕ್ಕೆ ಹಾಕಿ. ಫ್ರಿಜ್ಜಿಗೆ ಹೋದರೆ ಪಿಷ್ಟ ಮತ್ತೆ ಬಿಗಿದು ಉಂಡೆ ಕಲ್ಲಾಗುತ್ತದೆ. ಮೂರ್ನಾಲ್ಕು ಗಂಟೆಯೊಳಗೆ ಖರ್ಚಾಗಬೇಕು. ಇಷ್ಟಕ್ಕೆ ಪುರಸೊತ್ತಿಲ್ಲದವರು ದಪ್ಪ ಸಬ್ಬಕ್ಕಿ ಬೇಯಿಸಿ, ನಡುವೆ ಬಿಳಿ ಚುಕ್ಕಿ ಉಳಿದಾಗ ಇಳಿಸಿ ತೊಳೆದುಕೊಳ್ಳಲಿ. ಅದಕ್ಕೆ ಸ್ಟ್ರಾ ಬೇಡ, ಚಮಚ ಸಾಕು.

ಯಾವ ಹಣ್ಣಿಗೆ ಯಾವ ಉಪಚಾರ

ಮೊದಲ ಮಣೆ ಪುನರ್ಪುಳಿಗೆ. ಸಿಪ್ಪೆಗೆ ಸಕ್ಕರೆ ಬೆರೆಸಿ ಬಿಸಿಲಲ್ಲಿಟ್ಟು ಇಳಿಸಿದ ರಸ ಮನೆಯಲ್ಲಿದ್ದರೆ ಅರ್ಧ ಕೆಲಸ ಆದಂತೆ. 150 ಮಿಲಿ ತಣಿದ ಚಹಾಕ್ಕೆ ಮೂರು ಚಮಚ ರಸ, ಎರಡು ಚಮಚ ಉಂಡೆ, ಚಿಟಿಕೆ ಉಪ್ಪು, ಬೇಕಿದ್ದರೆ ಹುರಿದ ಜೀರಿಗೆಯ ಪುಡಿ. ಪುನರ್ಪುಳಿಗೂ ಚಹಾಕ್ಕೂ ಒಗರು ಇರುವುದರಿಂದ ಚಹಾ ಸೊಪ್ಪನ್ನು ಮೂರು ನಿಮಿಷಕ್ಕಿಂತ ಹೆಚ್ಚು ನೆನೆಸಬೇಡಿ. ಹಾಲು ಹಾಕಿದರೆ ಒಡೆಯುತ್ತದೆ, ತೆಂಗಿನಹಾಲಾದರೆ ಒಪ್ಪುತ್ತದೆ. ಹುಳಿನೀರಿನಲ್ಲೇ ಉಂಡೆ ಬೇಯಿಸುವ ಆಸೆಯೂ ಬೇಡ. ಹುಳಿಯಲ್ಲಿ ಕುದಿದ ಪಿಷ್ಟ ಬಲ ಕಳೆದುಕೊಂಡು ಉಂಡೆ ಕರಗುತ್ತದೆ. ಬಣ್ಣ, ರುಚಿಯನ್ನು ಬೆಂದ ಮೇಲೆ ಹಿಡಿಸಬೇಕು.

ಭತ್ತದ ಕೊಯ್ಲಾದ ಮೇಲೆ ಕಿರಿಮಂಜೇಶ್ವರ, ನಾಗೂರು ಕಡೆಯ ಮರಳುಗದ್ದೆಗಳಲ್ಲಿ ಬೆಳೆಯುವ ಕಲ್ಲಂಗಡಿಯದು ಬೇರೆ ಸ್ವಭಾವ. ಅದರ ರಸಕ್ಕೆ ಬಿಸಿ ತಗಲಿದರೆ ಹಣ್ಣಿನ ಕಂಪು ಹೋಗಿ ತರಕಾರಿಯ ವಾಸನೆ ಬರುತ್ತದೆ. ಚಹಾ ಪೂರ್ತಿ ತಣಿದ ಮೇಲೆ, ಚೂರು ಲಿಂಬೆಯೊಂದಿಗೆ ಬೆರೆಸಿ. ಅನಾನಸನ್ನು ಸಕ್ಕರೆಯೊಂದಿಗೆ ಒಂದು ಕುದಿ ಬರಿಸಿದರೆ ನಾಲಿಗೆ ತುರಿಕೆ ತಗ್ಗುತ್ತದೆ. ಕಾಟುಮಾವಿನ ರಸಕ್ಕೆ ಚಹಾಕ್ಕಿಂತ ಬೆಲ್ಲವೇ ಜೋರಾಗಿರಬೇಕು.

ಹಲ್ಲಿಗೆ ಸಿಕ್ಕೊಡನೆ ಒಡೆದು ರಸ ಚಿಮ್ಮುವ ‘ಪಾಪಿಂಗ್ ಬೊಬಾ’ದಲ್ಲಿ ಮರಗೆಣಸು ಇಲ್ಲ. ಕಂದು ಕಡಲಪಾಚಿಯಿಂದ ತೆಗೆದ ಸೋಡಿಯಂ ಆಲ್ಜಿನೇಟ್ ಕ್ಯಾಲ್ಸಿಯಂ ಸೋಕಿದೊಡನೆ ಪೊರೆಗಟ್ಟುವುದೇ ಅದರ ಗುಟ್ಟು. ಸಾಮಾನ್ಯವಾಗಿ ರಸಕ್ಕೆ ಆಲ್ಜಿನೇಟ್ ಬೆರೆಸಿ ಕ್ಯಾಲ್ಸಿಯಂ ನೀರಿಗೆ ಹನಿಸುತ್ತಾರೆ. ಪುನರ್ಪುಳಿಯಷ್ಟು ಹುಳಿಯಾದ ರಸದಲ್ಲಿ ಆಲ್ಜಿನೇಟ್ ಮೊದಲೇ ಗಟ್ಟಿಯಾಗಿಬಿಡುವುದರಿಂದ ಕ್ರಮ ತಿರುಗಿಸಬೇಕು: ರಸಕ್ಕೆ ಕ್ಯಾಲ್ಸಿಯಂ ಲ್ಯಾಕ್ಟೇಟ್, ಪಾತ್ರೆಯ ನೀರಿಗೆ ಆಲ್ಜಿನೇಟ್.

ಅಂಗಡಿ ಇಡುವವರಿಗೆ ಎರಡು ಮಾತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ ನಿಷಿದ್ಧ; ಸುಮಾರು 12 ಮಿಲಿಮೀಟರ್ ಅಗಲದ ಕಾಗದದ ಸ್ಟ್ರಾ ತರಿಸಿಕೊಳ್ಳಬೇಕು. ಉಂಡೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಇರುವುದರಿಂದ ಪುಟ್ಟ ಮಕ್ಕಳಿಗೆ ಬರೀ ಶರಬತ್ತು ಕೊಡುವುದೇ ಸರಿ. ಇನ್ನು ಮೆನು: ಬೇಸಿಗೆಯ ಮೊದಲಿಗೆ ಕಲ್ಲಂಗಡಿ, ಏಪ್ರಿಲ್–ಮೇಗೆ ತಾಜಾ ಪುನರ್ಪುಳಿ ಮತ್ತು ಕಾಟುಮಾವು, ಮಳೆಗಾಲಕ್ಕೆ ಒಣಸಿಪ್ಪೆಯ ಪುನರ್ಪುಳಿ ಎಂದು ಬದಲಿಸುತ್ತ ಹೋದರೆ ಬಣ್ಣದ ಸಿರಪ್ಪಿನ ಬಾಟಲಿಗಳಿಗೆ ದುಡ್ಡು ಸುರಿಯಬೇಕಿಲ್ಲ, ಸಂತೆಗೆ ಬಂದ ಹಣ್ಣೂ ಕೊಳೆಯುವುದಿಲ್ಲ.